ಮೋಡ್ ಬದಲಾಯಿತು, ಊಟದ ಚೀಟಿ ಬದಲಾಗಲಿಲ್ಲ: ವೆಂಟಿಲೇಟರ್ ಮೇಲಿದ್ದ ಒಬ್ಬ ಆಲೆಮನೆ ಕೆಲಸಗಾರರ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವರು. ವಯಸ್ಸು 57. ಮೂವತ್ತು ವರ್ಷದಿಂದ ಆಲೆಮನೆಯಲ್ಲಿ ಕೆಲಸ. ಅದರಲ್ಲೂ ಒಲೆಯ ಬಾಯಿಯ ಮುಂದೆ ಕೂತು ಒಣಗಿದ ಕಬ್ಬಿನ ಸಿಪ್ಪೆ ಒಳಗೆ ತಳ್ಳುವ ಕೆಲಸ. ಬೆಲ್ಲ ಬೇಯುವ ವಾಸನೆ ದಾರಿಯಲ್ಲಿ ಹೋಗುವವರಿಗೆ ಹಿತ. ಒಲೆ ಮುಂದೆ ಕೂತವರ ಎದೆಗೆ ಹೋಗುವುದು ಮಾತ್ರ ಹೊಗೆ ಮತ್ತು ಬೂದಿ. ಜೊತೆಗೆ ಬೀಡಿ ಇತ್ತು. ಐದಾರು ವರ್ಷದಿಂದ ದಮ್ಮು, ಇನ್‌ಹೇಲರ್ ಇದ್ದರೂ ಹಾಕಿದ ದಿನಕ್ಕಿಂತ ಹಾಕದ ದಿನವೇ ಜಾಸ್ತಿ. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಬಿಡಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಎಂದು ಹಳೆಯ ಚೀಟಿಯಲ್ಲಿ ಬರೆದಿತ್ತು.

ಚಳಿಗಾಲದಲ್ಲಿ ಜ್ವರ, ಕಫ, ಆಮೇಲೆ ಮಂಪರು. ಮೈಸೂರಿನ ನಮ್ಮ ಐಸಿಯುಗೆ ಬಂದಾಗ ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ 96. ಬಲಗಡೆ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಮಾಸ್ಕ್ ವೆಂಟಿಲೇಶನ್ ಒಂದೂವರೆ ಗಂಟೆ ನೋಡಿದೆವು, ಆಗಲಿಲ್ಲ. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದೆವು.

ಎತ್ತರ 162 ಸೆಂ.ಮೀ., ತೂಕ 43 ಕಿಲೋ. ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಕಪಾಳದ ಪಕ್ಕ ಗುಳಿ ಬಿದ್ದಿತ್ತು, ಹೆಗಲ ಮೂಳೆ ಎದ್ದು ಕಾಣುತ್ತಿತ್ತು. ಅವರು ಐಸಿಯುಗೆ ಬಂದಿದ್ದೇ ಹಸಿದ ದೇಹದೊಂದಿಗೆ. ದಮ್ಮು ಇರುವವರು ತುತ್ತು ನುಂಗುವಾಗ ಉಸಿರು ಹಿಡಿಯಬೇಕು, ಹಿಡಿದರೆ ಮೇಲುಸಿರು ಬರುತ್ತದೆ. ಹಾಗಾಗಿ ಅರ್ಧ ಮುದ್ದೆಗೇ ಎದ್ದುಬಿಡುತ್ತಾರೆ. ಇದು ವರ್ಷಗಟ್ಟಲೆ ನಡೆದಿತ್ತು ಎಂದು ಹೆಂಡತಿ ಆಮೇಲೆ ಹೇಳಿದರು.

ಕುಟುಂಬದವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ನಾಲ್ಕು ದಿನ

ಮೊದಲ ನಾಲ್ಕು ದಿನದ ಬಗ್ಗೆ ಹೇಳುವುದು ಕಡಿಮೆ. ಅಸಿಸ್ಟ್-ಕಂಟ್ರೋಲ್ ಮೋಡ್, ಅಂದರೆ ರೋಗಿ ಉಸಿರು ಎಳೆದರೂ ಎಳೆಯದಿದ್ದರೂ ಪ್ರತಿ ಉಸಿರನ್ನೂ ಯಂತ್ರವೇ ಪೂರ್ತಿ ತುಂಬಿಸಿ ಕೊಡುವ ಮೋಡ್. ಪ್ರತಿ ಉಸಿರಿಗೆ 420 ಮಿ.ಲೀ. ಈ ಲೆಕ್ಕ ಇರುವ ತೂಕದ ಮೇಲಲ್ಲ, ಎತ್ತರದ ಮೇಲೆ. 162 ಸೆಂ.ಮೀ. ಗಂಡಸಿಗೆ ಬರುವ ಲೆಕ್ಕದ ತೂಕ ಸುಮಾರು 59 ಕಿಲೋ, ಅದಕ್ಕೆ ಕಿಲೋಗೆ 7 ಮಿ.ಲೀ. ನಿದ್ದೆಗೆ ಪ್ರೊಪೊಫಾಲ್, ನೋವಿಗೆ ಫೆಂಟಾನಿಲ್, ಆಂಟಿಬಯಾಟಿಕ್, ನೆಬ್ಯುಲೈಸರ್, ಸ್ಟೀರಾಯ್ಡ್. ಜ್ವರ 39 ಡಿಗ್ರಿ ಮುಟ್ಟಿ ನಾಲ್ಕನೇ ದಿನಕ್ಕೆ ಇಳಿಯಿತು.

ಊಟ ಎರಡನೇ ದಿನ ಮೂಗಿನ ನಳಿಕೆಯಲ್ಲಿ ಶುರುವಾಯಿತು. ಇಷ್ಟು ಸೊರಗಿದವರಿಗೆ ಒಮ್ಮೆಗೇ ಜಾಸ್ತಿ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿಯುತ್ತದೆ. ಹಸಿದಿದ್ದ ಜೀವಕೋಶಗಳು ಸಕ್ಕರೆಯ ಜೊತೆ ಫಾಸ್ಫೇಟನ್ನೂ ಒಳಗೆ ಎಳೆದುಕೊಳ್ಳುತ್ತವೆ. ಹುಷಾರಾಗಿ, ನಿಧಾನವಾಗಿ ಕೊಟ್ಟರೂ ಮೂರನೇ ದಿನ 1.6ಕ್ಕೆ ಬಂತು. 2.5ಕ್ಕಿಂತ ಮೇಲಿರಬೇಕು. ಫಾಸ್ಫೇಟ್ ಕಡಿಮೆಯಾದರೆ ವಪೆ ಸೋಲುತ್ತದೆ. ವಪೆ ಅಂದರೆ ಎದೆ ಮತ್ತು ಹೊಟ್ಟೆಯ ನಡುವೆ ಇರುವ ಉಸಿರಾಟದ ಮುಖ್ಯ ಸ್ನಾಯು. ಡ್ರಿಪ್‌ನಲ್ಲಿ ಫಾಸ್ಫೇಟ್, ಜೊತೆಗೆ ಥಯಮಿನ್ (ಬಿ1 ವಿಟಮಿನ್) ಕೊಟ್ಟೆವು.

ನಾಲ್ಕನೇ ದಿನಕ್ಕೆ ಫೀಡ್ ಗಂಟೆಗೆ 40 ಮಿ.ಲೀ., ಮಿ.ಲೀ.ಗೆ ಒಂದು ಕ್ಯಾಲರಿ. ದಿನಕ್ಕೆ 960 ಕ್ಯಾಲರಿ. ಇವರಿಗೆ ಬೇಕಿರುವುದು ಎಷ್ಟು? 1919ರ ಹ್ಯಾರಿಸ್-ಬೆನೆಡಿಕ್ಟ್ ಸೂತ್ರಕ್ಕೆ ಹಾಕಿದರೆ 1083 ಬರುತ್ತದೆ. ಕಿಲೋಗೆ 25 ಎಂಬ ಸುಲಭ ಲೆಕ್ಕದಲ್ಲಿ 1075. ಎರಡೂ ಹತ್ತಿರವೇ ಇದ್ದದ್ದರಿಂದ ಯಾರೂ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮೊದಲ ವಾರ ಅಳತೆ ಮಾಡದೆ ಕೊಡುವುದಾದರೆ ಸೂತ್ರದ ಲೆಕ್ಕಕ್ಕಿಂತ ಕಡಿಮೆಯೇ ಇರಲಿ ಎಂದು ಯುರೋಪಿನ ಪೋಷಣಾ ತಜ್ಞರ ಸಂಘವಾದ ಎಸ್ಪೆನ್‌ನ ಮಾರ್ಗಸೂಚಿಯೂ ಹೇಳುತ್ತದೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಐದನೇ ದಿನದಿಂದ ಎಂಟನೇ ದಿನ

ಐದನೇ ದಿನ ಬೆಳಿಗ್ಗೆ ರೌಂಡ್ಸ್‌ನಲ್ಲಿ ಎಲ್ಲರಿಗೂ ಸಮಾಧಾನ. ಜ್ವರ ಇಲ್ಲ, ಎಕ್ಸ್‌ರೇ ಸುಧಾರಿಸಿದೆ, ಆಮ್ಲಜನಕ ಶೇ. 35 ಸಾಕು. ಪ್ರೊಪೊಫಾಲ್ ನಿಲ್ಲಿಸಿದೆವು. ಮೋಡ್ ಎಸ್‌ಐಎಂವಿಗೆ ಬದಲಾಯಿತು. ನಿಮಿಷಕ್ಕೆ 8 ಉಸಿರು ಯಂತ್ರ ಪೂರ್ತಿ ಕೊಡುತ್ತದೆ, ಉಳಿದದ್ದನ್ನು ರೋಗಿ ಎಳೆದುಕೊಳ್ಳಬೇಕು. ಹಾಗೆ ಎಳೆದುಕೊಂಡದ್ದಕ್ಕೆ 8 ಸೆಂ.ಮೀ. ನೀರಿನ ಒತ್ತಡದಷ್ಟು ಪ್ರೆಶರ್ ಸಪೋರ್ಟ್, ಅಂದರೆ ಯಂತ್ರದ ಒತ್ತಾಸೆ, ಇರುತ್ತದೆ. 'ಸ್ವಲ್ಪ ಸ್ವಲ್ಪ ಅವರೇ ಮಾಡಲಿ, ಅಭ್ಯಾಸ ಆಗುತ್ತದೆ' ಎನ್ನುವುದು ಇದರ ಹಿಂದಿನ ಯೋಚನೆ.

ಆರನೇ ದಿನ ಬೆಳಿಗ್ಗೆ ಹತ್ತಕ್ಕೆ ಬ್ರೀದಿಂಗ್ ಟ್ರಯಲ್. ಸಪೋರ್ಟ್ ತೀರಾ ಕಡಿಮೆ ಮಾಡಿ ಅರ್ಧ ಗಂಟೆ ಅವರೇ ಉಸಿರಾಡುತ್ತಾರಾ ಎಂದು ನೋಡುವ ಪರೀಕ್ಷೆ ಇದು. ಹನ್ನೆರಡು ನಿಮಿಷಕ್ಕೆ ಬೆವರಿದರು. ಏಳನೇ ದಿನ ಒಂಬತ್ತು ನಿಮಿಷ. ಎಂಟನೇ ದಿನ ಏಳು. ದಿನದಿಂದ ದಿನಕ್ಕೆ ಗಟ್ಟಿಯಾಗಬೇಕಾದವರು ದಿನದಿಂದ ದಿನಕ್ಕೆ ಸೋಲುತ್ತಿದ್ದರು. ಎಂಟನೇ ದಿನ ಮಧ್ಯಾಹ್ನ ಫೈಲಿನಲ್ಲಿ ಹೀಗೆ ಬರೆಯಲಾಯಿತು: 'ಶ್ವಾಸಕೋಶ ತುಂಬಾ ಹಾಳಾಗಿದೆ. ಟ್ರೆಕಿಯಾಸ್ಟಮಿ ಬಗ್ಗೆ ಮನೆಯವರ ಜೊತೆ ಮಾತಾಡಬೇಕು.' ಸಹಿ ನನ್ನದೇ. ಟ್ರೆಕಿಯಾಸ್ಟಮಿ ಅಂದರೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿನ ಟ್ಯೂಬ್ ಹಾಕುವುದು.

ಸಂಜೆ ಮಗನನ್ನು ಕರೆದು ಮಾತಾಡಿದೆ. ಅವನು ಏನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಾಯಿ ಮಾತ್ರ ಬೇರೆಯದೇ ಕೇಳಿದರು. 'ಸಾ, ಬೆಳಗ್ಗೆ ಹೊತ್ತು ಆ ಹಾಲಿನ ಬಾಟ್ಲಿ ಯಾಕೆ ನಿಲ್ಲಿಸಿರ್ತಾರೆ? ಮೂರು ದಿನದಿಂದ ನೋಡ್ತಿದೀನಿ.'

ಅವರು ಹೇಳಿದ್ದು ಫೀಡ್ ಚೀಲದ ಬಗ್ಗೆ. ಮಾತು ಅಲ್ಲಿಗೆ ಮುಗಿಯಿತು, ಆದರೆ ನನ್ನ ತಲೆಯಿಂದ ಹೋಗಲಿಲ್ಲ.

ಆ ರಾತ್ರಿ ಡ್ಯೂಟಿ ನನ್ನದೇ

ಹನ್ನೊಂದು ಗಂಟೆಗೆ ಅವರ ಹಾಸಿಗೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ವೆಂಟಿಲೇಟರ್ ಪರದೆ ಮೇಲೆ ಉಸಿರಿನ ಸಂಖ್ಯೆ 25 ಎಂದು ತೋರಿಸುತ್ತಿತ್ತು. ಅದು ಗಾಬರಿ ಪಡುವ ಅಂಕಿಯಲ್ಲ. ಕಂಬಳಿ ಸರಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಗೋಡೆ ಗಡಿಯಾರ ನೋಡುತ್ತಾ ಒಂದು ಪೂರ್ತಿ ನಿಮಿಷ ಎಣಿಸಿದೆ. 36 ಬಂತು.

ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. 36.

ಹನ್ನೊಂದು ಉಸಿರು ಎಲ್ಲಿ ಹೋದವು? ಪರದೆಯ ಮೇಲಿನ ಗಾಳಿಯ ಹರಿವಿನ ಗೆರೆಯನ್ನು ನೋಡುತ್ತಾ ಕೈಯನ್ನು ಹೊಟ್ಟೆ ಮೇಲೆಯೇ ಇಟ್ಟುಕೊಂಡೆ. ಹೊಟ್ಟೆ ಬಿಗಿಯುತ್ತಿತ್ತು, ಕತ್ತಿನ ಸ್ನಾಯು ಎದ್ದು ನಿಲ್ಲುತ್ತಿತ್ತು, ಗೆರೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತಿತ್ತು, ಯಂತ್ರ ಮಾತ್ರ ಸುಮ್ಮನೆ. ಮುಂದಿನ ಪ್ರಯತ್ನಕ್ಕೆ ಉಸಿರು ಕೊಡುತ್ತಿತ್ತು. ಮತ್ತೆ ಎರಡು ಸಲ ಆದ ಮೇಲೆ ಇನ್ನೊಂದು ವ್ಯರ್ಥ. ಪ್ರತಿ ಉಸಿರಿನ ಕೊನೆಯಲ್ಲೂ ಆ ಗೆರೆ ಸೊನ್ನೆ ಮುಟ್ಟುವ ಮೊದಲೇ ಮುಂದಿನ ಉಸಿರು ಶುರುವಾಗುತ್ತಿತ್ತು.

ಇದರ ಅರ್ಥ ಹೀಗೆ. ಸಿಒಪಿಡಿಯಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ. ಪೂರ್ತಿ ಬರುವ ಮೊದಲೇ ಇನ್ನೊಂದು ಉಸಿರು ಬಂದರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ, ಒತ್ತಡ ಕೂಡುತ್ತಾ ಹೋಗುತ್ತದೆ. ಇದನ್ನು ಆಟೋ-ಪೀಪ್ ಎನ್ನುತ್ತೇವೆ. ರೋಗಿ ಹೊಸ ಉಸಿರು ಎಳೆಯಬೇಕಾದರೆ ಮೊದಲು ಈ ಸಿಕ್ಕಿಬಿದ್ದ ಒತ್ತಡವನ್ನು ಸೋಲಿಸಬೇಕು. ಆಮೇಲೇ ಯಂತ್ರಕ್ಕೆ 'ಕೊಡು' ಎಂಬ ಸೂಚನೆ ತಲುಪುವುದು. ಸೋಲಿಸಲು ಆಗದಿದ್ದರೆ ಸ್ನಾಯು ದುಡಿಯಿತು, ಆದರೆ ಒಂದು ಚಮಚ ಗಾಳಿಯೂ ಬರಲಿಲ್ಲ. ನಿಮಿಷಕ್ಕೆ ಹನ್ನೊಂದು ಸಲ, ಗಂಟೆಗೆ 660 ಸಲ, ಮೂರು ದಿನದಿಂದ ಹೀಗೆ.

ನಮ್ಮ ವೆಂಟಿಲೇಟರ್‌ಗೆ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್‌ನ ಪ್ರಮಾಣ ಅಳೆಯುವ ಸೆನ್ಸರ್ ಇತ್ತು. ಯಾರೂ ನೋಡದ ಪುಟದಲ್ಲಿ ಆ ಅಂಕಿ ಕೂತಿತ್ತು. ಅದನ್ನು ತೆರೆದೆ. ನಿಮಿಷಕ್ಕೆ 168 ಮಿ.ಲೀ.

ದೇಹ ಎಷ್ಟು ಉರಿಸುತ್ತಿದೆ ಎಂದು ತಿಳಿಯಲು ಸರಿಯಾದ ದಾರಿ ಇನ್‌ಡೈರೆಕ್ಟ್ ಕ್ಯಾಲರಿಮೆಟ್ರಿ. ಎಷ್ಟು ಆಮ್ಲಜನಕ ಖರ್ಚಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಬಂತು, ಎರಡನ್ನೂ ಅಳೆದು 1949ರ ವಿಯರ್ ಸೂತ್ರಕ್ಕೆ ಹಾಕುವುದು. ಆ ಯಂತ್ರ ನಮ್ಮಲ್ಲಿ ಇಲ್ಲ. ಇಲ್ಲದ ಕಡೆ ಇಂಗಾಲದ ಡೈಆಕ್ಸೈಡ್ ಒಂದನ್ನೇ 8.19ರಿಂದ ಗುಣಿಸಿ ದಿನದ ಕ್ಯಾಲರಿ ಅಂದಾಜು ಮಾಡಬಹುದು. ಇದು ಹೊರಬಂದ ಇಂಗಾಲದ ಡೈಆಕ್ಸೈಡನ್ನು ಖರ್ಚಾದ ಆಮ್ಲಜನಕದಿಂದ ಭಾಗಿಸಿದರೆ ಬರುವ ಅನುಪಾತ 0.86 ಎಂದು ಇಟ್ಟುಕೊಂಡು ಮಾಡುವ ಲೆಕ್ಕ. ಪೂರ್ತಿ ನಂಬುವಂಥದ್ದಲ್ಲ. ಆದರೆ ಒಬ್ಬನೇ ರೋಗಿಯಲ್ಲಿ ಮೊದಲು-ಆಮೇಲೆ ಹೋಲಿಸಲು ಕೆಲಸಕ್ಕೆ ಬರುತ್ತದೆ. 168ಕ್ಕೆ 1376 ಕ್ಯಾಲರಿ ಬಂತು. ನಾಲ್ಕನೇ ದಿನ, ಪ್ರೊಪೊಫಾಲ್ ನಿದ್ದೆಯಲ್ಲಿದ್ದಾಗಿನ ಅಂಕಿ ಯಂತ್ರದ ನೆನಪಿನಲ್ಲಿತ್ತು. 130, ಅಂದರೆ 1065.

ಆದರೆ ಅದು ನ್ಯಾಯವಾದ ಹೋಲಿಕೆ ಅಲ್ಲ. ನಿದ್ದೆ ಔಷಧಿಯೇ ಖರ್ಚು ಇಳಿಸುತ್ತದೆ. ಹಾಗಾಗಿ ಅದೇ ರಾತ್ರಿ, ಅದೇ ಜ್ವರವಿಲ್ಲದ ದೇಹದಲ್ಲಿ, ನಿದ್ದೆ ಔಷಧಿ ಕೊಡದೆ, ಮೋಡ್ ಮಾತ್ರ ಬದಲಾಯಿಸಿದೆ. ಮತ್ತೆ ಅಸಿಸ್ಟ್-ಕಂಟ್ರೋಲ್. ಗಾಳಿ ಬೇಗ ಒಳಗೆ ಹೋಗಿ ಹೊರಬರಲು ಸಮಯ ಜಾಸ್ತಿ ಸಿಗುವ ಹಾಗೆ ಹರಿವು ನಿಮಿಷಕ್ಕೆ 60 ಲೀಟರ್. ಸಾಲ್ಬುಟಮಾಲ್ ನೆಬ್ಯುಲೈಸರ್. ಹೊರಗಿನಿಂದ ಕೊಡುವ ಪೀಪ್ ಅನ್ನು, ಅಂದರೆ ಉಸಿರು ಬಿಟ್ಟ ಕೊನೆಯಲ್ಲೂ ಯಂತ್ರ ಉಳಿಸಿಡುವ ಒತ್ತಡವನ್ನು, 5ರಿಂದ ಒಂದೊಂದಾಗಿ ಏರಿಸಿದೆ. ಸಿಕ್ಕಿಬಿದ್ದ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಅಂತರ ಕಡಿಮೆಯಾದರೆ ರೋಗಿ ದಾಟಬೇಕಾದ ಮೆಟ್ಟಿಲು ತಗ್ಗುತ್ತದೆ. 8ಕ್ಕೆ ಬಂದಾಗ ಹೊಟ್ಟೆ ಮೇಲಿನ ನನ್ನ ಕೈ ಎಣಿಸಿದ್ದೂ ಪರದೆ ತೋರಿಸಿದ್ದೂ ಒಂದೇ ಆಯಿತು: 21. ಸ್ವಲ್ಪ ಹೊತ್ತಿಗೆ 18.

ಮೊದಲ ಕೆಲವು ನಿಮಿಷ ಇಂಗಾಲದ ಡೈಆಕ್ಸೈಡ್ ಅಂಕಿ ಇಳಿಯುವ ಬದಲು ಏರಿತು. ಇದನ್ನು ನೋಡಿ ಗಾಬರಿಯಾಗಬಾರದು. ಉಸಿರಾಟ ಸುಧಾರಿಸಿದಾಗ ದೇಹದಲ್ಲಿ ಕೂಡಿದ್ದ ಹಳೆಯ ಬಾಕಿ ಮೊದಲು ಹೊರಬರುತ್ತದೆ. ಅದು ಹೊಸ ಉತ್ಪಾದನೆ ಅಲ್ಲ. ಮೋಡ್ ಬದಲಿಸಿ ಹತ್ತೇ ನಿಮಿಷಕ್ಕೆ ಅಂಕಿ ಬರೆದುಕೊಳ್ಳುವವರು ಇಲ್ಲೇ ಎಡವುವುದು. ಒಂದೂವರೆ ಗಂಟೆ ಕಾದೆ. 138ಕ್ಕೆ ನಿಂತಿತು. 1130 ಕ್ಯಾಲರಿ.

168 ಮತ್ತು 138. ಮೂವತ್ತು ಮಿ.ಲೀ. ವ್ಯತ್ಯಾಸ, ದಿನಕ್ಕೆ ಹಾಕಿದರೆ ಸುಮಾರು 246 ಕ್ಯಾಲರಿ. ಅವರ ಒಟ್ಟು ಖರ್ಚಿನಲ್ಲಿ ಶೇ. 18 ಬರೀ ಉಸಿರು ಎಳೆಯುವ ಒದ್ದಾಟಕ್ಕೆ ಹೋಗುತ್ತಿತ್ತು. ಆರೋಗ್ಯವಂತರಲ್ಲಿ ಉಸಿರಾಟಕ್ಕೆ ಹೋಗುವುದು ದೇಹ ಬಳಸುವ ಆಮ್ಲಜನಕದ ಶೇ. 5ಕ್ಕಿಂತ ಕಡಿಮೆ. ನಮಗೆ ಅದು ಕೆಲಸ ಅಂತಲೇ ಅನ್ನಿಸುವುದಿಲ್ಲ, ಅಲ್ವಾ? ಕಾಯಿಲೆ ಬಿದ್ದ ಶ್ವಾಸಕೋಶಕ್ಕೆ ಅದೇ ದಿನದ ದೊಡ್ಡ ಕೂಲಿ. ಒದ್ದಾಟದ ಹೊತ್ತಿನ ಈ ಅಂಕಿ ಇಡೀ ದಿನದ ಸರಾಸರಿ ಅಲ್ಲ, ಆ ಗಳಿಗೆಯ ವೇಗ ಎನ್ನುವುದನ್ನೂ ಇಲ್ಲಿ ಹೇಳಬೇಕು.

ಮೋಡ್ ಬದಲಾದರೆ ಎಲ್ಲರಲ್ಲೂ ಖರ್ಚು ಹೀಗೆ ಬದಲಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ರೋಗಿ ಆರಾಮಾಗಿ ಯಂತ್ರದ ಜೊತೆ ಹೊಂದಿಕೊಂಡಿದ್ದರೆ ಒಂದು ಮೋಡ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ಚಿಕ್ಕದೇ. ಜ್ವರ ಒಂದು ಡಿಗ್ರಿ ಏರಿದರೆ ಖರ್ಚು ಶೇ. 10ರಿಂದ 13 ಏರುತ್ತದೆ, ನಡುಕ ಬಂದರೆ ಇನ್ನೂ ಜಾಸ್ತಿ. ಇವೆಲ್ಲದರ ಮುಂದೆ ಮೋಡ್‌ನ ಹೆಸರು ದೊಡ್ಡದಲ್ಲ. ಆ ಮೋಡ್‌ನಲ್ಲಿ ರೋಗಿ ಒದ್ದಾಡುತ್ತಿದ್ದಾರಾ ಎನ್ನುವುದು ದೊಡ್ಡದು. ಇವರು ಒದ್ದಾಡುತ್ತಿದ್ದರು, ಪರದೆ ಮೇಲೆ 25 ಎಂದು ಬರೆದಿದ್ದರಿಂದ ನಮಗೆ ಕಾಣಲಿಲ್ಲ.

ಊಟದ ಕಡೆಯ ಲೆಕ್ಕ

ರಾತ್ರಿ ಎರಡು ಗಂಟೆಗೆ ನರ್ಸಿಂಗ್ ಚಾರ್ಟ್ ತೆಗೆದು ಕೂತೆ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಟ್ರಯಲ್ ಪಾಸಾದರೆ ಟ್ಯೂಬ್ ತೆಗೆಯಬೇಕಾಗುತ್ತದೆ, ಆಗ ಹೊಟ್ಟೆ ಖಾಲಿ ಇರಲಿ ಎಂದು ಬೆಳಿಗ್ಗೆ ಆರಕ್ಕೆ ಫೀಡ್ ನಿಲ್ಲಿಸುತ್ತಿದ್ದೆವು. ಹತ್ತಕ್ಕೆ ಟ್ರಯಲ್, ಫೇಲ್. ರೌಂಡ್ಸ್, ಫಿಸಿಯೋಥೆರಪಿ, ಎಕ್ಸ್‌ರೇ ಮುಗಿದು ಮತ್ತೆ ಶುರು ಮಾಡುವಾಗ ಮಧ್ಯಾಹ್ನ ಎರಡು. ದಿನಕ್ಕೆ ಎಂಟು ಗಂಟೆ ಇಲ್ಲ. 24ರಲ್ಲಿ 16 ಗಂಟೆ, ಗಂಟೆಗೆ 40: ದಿನಕ್ಕೆ 640 ಕ್ಯಾಲರಿ. ಪ್ರೋಟೀನ್ 26 ಗ್ರಾಂ ಕೂಡ ಇಲ್ಲ. ಕಿಲೋಗೆ 1.3 ಗ್ರಾಂ ಲೆಕ್ಕದಲ್ಲಿ 56 ಬೇಕಿತ್ತು.

ಇನ್ನೊಂದು ಕಡೆಯೂ ಸೋರಿಕೆ ಇತ್ತು. ನಾನು ಅದನ್ನು ಆ ರಾತ್ರಿಯೇ ಮೊದಲ ಸಲ ಸರಿಯಾಗಿ ಕೂಡಿಸಿದ್ದು. ಪ್ರೊಪೊಫಾಲ್ ಹಾಲಿನ ಹಾಗೆ ಬೆಳ್ಳಗಿರುವುದು ಅದರಲ್ಲಿ ಕೊಬ್ಬು ಇರುವುದರಿಂದ. ಮಿ.ಲೀ.ಗೆ 1.1 ಕ್ಯಾಲರಿ. ಗಂಟೆಗೆ 8 ಮಿ.ಲೀ. ಹೋಗುತ್ತಿತ್ತು, ದಿನಕ್ಕೆ 192 ಮಿ.ಲೀ., ಸುಮಾರು 211 ಕ್ಯಾಲರಿ. ಊಟದ ಚೀಟಿಯಲ್ಲಿ ಇದು ಎಲ್ಲೂ ಇಲ್ಲ, ಔಷಧಿ ಚೀಟಿಯಲ್ಲಿತ್ತು. ಅಂದರೆ ನಾಲ್ಕನೇ ದಿನ, ಸ್ನಾಯುಗಳೆಲ್ಲ ನಿದ್ದೆಯಲ್ಲಿದ್ದಾಗ ಅವರಿಗೆ ಸಿಕ್ಕಿದ್ದು 960 ಮತ್ತು 211, ಒಟ್ಟು 1171. ಐದನೇ ದಿನ ಔಷಧಿ ನಿಲ್ಲಿಸಿದಾಗ ಆ 211 ಹೋಯಿತು. ಆರನೇ ದಿನದಿಂದ ಬೆಳಗಿನ ಉಪವಾಸ ಸೇರಿ, ಎದ್ದು ದುಡಿಯಿರಿ ಎಂದು ಹೇಳಿದ ಹೊತ್ತಿನಲ್ಲಿ ಅವರ ಪಾಲಿಗೆ ಉಳಿದದ್ದು 640.

ಬೆಳಿಗ್ಗೆ ಮಗನಿಗೆ ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದು ತೋರಿಸಿದೆ. ನಮ್ಮ ಕಡೆಯಿಂದ ಆದ ಲೋಪ ಎಂದೂ ಹೇಳಿದೆ. ಅವನು ಕಾಗದ ನೋಡಿ, 'ಉಳೋ ಎತ್ತಿಗೆ ಮೇವು ಕಮ್ಮಿ ಮಾಡ್ದಂಗಾಯ್ತು ಅಲ್ವಾ ಸಾ' ಎಂದ. ಕೋಪದಿಂದ ಹೇಳಲಿಲ್ಲ. ಆಮೇಲೆ, 'ಈಗ ಏನ್ ಮಾಡ್ತೀರಾ?' ಎಂದು ಕೇಳಿದ. ಟ್ರೆಕಿಯಾಸ್ಟಮಿ ಒಂದು ವಾರ ಮುಂದೆ ಹಾಕೋಣ ಎಂದೆ.

ಮುಂದಿನ ಐದು ದಿನ

ಮೊದಲು ಎಸ್‌ಐಎಂವಿ ಬಿಟ್ಟೆವು. ಇದು ನನ್ನ ಸ್ವಂತ ಅಭಿಪ್ರಾಯ ಅಷ್ಟೇ ಅಲ್ಲ. 1994ರಲ್ಲಿ ಬ್ರೊಶಾರ್ ತಂಡ, 1995ರಲ್ಲಿ ಸ್ಪೇನ್‌ನ ಎಸ್ತೆಬಾನ್ ತಂಡ ವೆಂಟಿಲೇಟರ್ ಬಿಡಿಸುವ ವಿಧಾನಗಳನ್ನು ಹೋಲಿಸಿ ನೋಡಿದವು. ಯಾವುದು ಉತ್ತಮ ಎನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇತ್ತು. ಆದರೆ ಇಬ್ಬರ ಅಧ್ಯಯನದಲ್ಲೂ ಈ ಪಾಲು ಹಂಚುವ ವಿಧಾನವೇ ಹಿಂದೆ ಬಿತ್ತು. ಎಸ್ತೆಬಾನ್ ಅಧ್ಯಯನದಲ್ಲಿ ದಿನಕ್ಕೊಮ್ಮೆ ಟ್ರಯಲ್ ಮಾಡಿದವರು ಮಧ್ಯದ ಲೆಕ್ಕದಲ್ಲಿ 3 ದಿನಕ್ಕೆ ಬಿಡಿಸಿಕೊಂಡರು, ಪಾಲು ಹಂಚುವ ವಿಧಾನದಲ್ಲಿ 5 ದಿನ ಬೇಕಾಯಿತು. ಕಾರಣವೂ ಗೊತ್ತಿದೆ. ಮುಂದಿನ ಉಸಿರು ಯಂತ್ರದ್ದೋ ತನ್ನದೋ ಎಂದು ಮಿದುಳಿಗೆ ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಯಂತ್ರ ಕೊಡುವ ಉಸಿರಿನಲ್ಲೂ ಸ್ನಾಯು ವಿಶ್ರಾಂತಿ ಪಡೆಯದೆ ದುಡಿಯುತ್ತದೆ.

ಹಾಗಂತ ಹಗಲೂ ರಾತ್ರಿ ಪೂರ್ತಿ ವಿಶ್ರಾಂತಿ ಕೊಡುವುದೂ ತಪ್ಪು. 2008ರಲ್ಲಿ ಲೆವಿನ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, 18ರಿಂದ 69 ಗಂಟೆ ಪೂರ್ತಿ ಸುಮ್ಮನಿದ್ದ ವಪೆಯ ಎಳೆಗಳು ಗಮನಾರ್ಹವಾಗಿ ಸಣ್ಣಗಾಗಿದ್ದವು. ಮೂರು ದಿನವೂ ಬೇಡ. ಕೆಲಸ ಇಲ್ಲದಿದ್ದರೂ ಹಾಳು, ಅತಿಯಾದರೂ ಹಾಳು.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಸಿಸ್ಟ್-ಕಂಟ್ರೋಲ್, ದೀಪ ಆರಿಸಿ ನಿದ್ದೆ. ಹಗಲು ಪ್ರೆಶರ್ ಸಪೋರ್ಟ್, 12ರಿಂದ ಶುರು. ಇದರಲ್ಲಿ ಪ್ರತಿ ಉಸಿರನ್ನೂ ರೋಗಿಯೇ ಶುರು ಮಾಡುತ್ತಾರೆ, ಯಂತ್ರ ಒತ್ತಾಸೆ ಕೊಡುತ್ತದೆ. ಉಸಿರು ಯಾವಾಗ ನಿಲ್ಲಬೇಕು ಎಂಬ ಸೆಟ್ಟಿಂಗ್ ಅನ್ನು ಶೇ. 25ರಿಂದ 40ಕ್ಕೆ ಏರಿಸಿದೆವು. ಹಾಗೆ ಮಾಡಿದರೆ ಒಳಗೆ ತುಂಬುವ ಸಮಯ ಕಡಿಮೆಯಾಗಿ, ಹೊರಹೋಗಲು ಸಮಯ ಸಿಗುತ್ತದೆ. ಸಿಒಪಿಡಿಯಲ್ಲಿ ಬಹಳ ಜನ ಮರೆಯುವ ಗುಂಡಿ ಇದು. ಟ್ರಯಲ್ ದಿನಕ್ಕೆ ಒಂದೇ ಸಲ. ದಣಿದ ವಪೆ ಸುಧಾರಿಸಿಕೊಳ್ಳಲು 24 ಗಂಟೆಯೂ ಬೇಕಾಗಬಹುದು. ಒಂಬತ್ತನೇ ದಿನ ಟ್ರಯಲ್ ಮಾಡಲೇ ಇಲ್ಲ, ಸುಮ್ನೆ ಬಿಟ್ಟೆವು. ಪಾಳಿ ಬದಲಾದಾಗಲೆಲ್ಲ ನರ್ಸ್ ಹೊಟ್ಟೆ ಮೇಲೆ ಕೈ ಇಟ್ಟು ಎಣಿಸಿ, ಪರದೆಯ ಅಂಕಿಯ ಪಕ್ಕ ಬರೆಯಬೇಕು ಎಂದು ಮಾಡಿದೆವು.

ಊಟದಲ್ಲಿ ನಾನು ಒಂದು ತಪ್ಪು ಮಾಡಿದೆ. ಇಷ್ಟು ದಿನ ಉಪವಾಸ ಕೆಡವಿದ್ದೇವೆ, ತುಂಬಿಸಿಬಿಡೋಣ ಎಂಬ ಆತುರದಲ್ಲಿ ಫೀಡ್ ಅನ್ನು ಗಂಟೆಗೆ 70ಕ್ಕೆ ಏರಿಸಿದೆ. ದಿನಕ್ಕೆ 1680 ಕ್ಯಾಲರಿ. ಹತ್ತನೇ ದಿನ ರಾತ್ರಿ, ಪೂರ್ತಿ ವಿಶ್ರಾಂತಿಯ ಮೋಡ್‌ನಲ್ಲೇ ಇಂಗಾಲದ ಡೈಆಕ್ಸೈಡ್ 138ರಿಂದ 157ಕ್ಕೆ ಹೋಯಿತು. ರಕ್ತದಲ್ಲಿ ಅದರ ಒತ್ತಡ 54ರಿಂದ 63. ಫಾಸ್ಫೇಟ್ ಮತ್ತೆ 1.9ಕ್ಕೆ ಬಿತ್ತು. ಬೇಕಿರುವುದಕ್ಕಿಂತ ಜಾಸ್ತಿ ಕೊಟ್ಟಾಗ ದೇಹ ಉಳಿದದ್ದನ್ನು ಕೊಬ್ಬು ಮಾಡಲು ನೋಡುತ್ತದೆ, ಆ ಕೆಲಸದಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಬರುತ್ತದೆ. ಅದನ್ನು ಹೊರಹಾಕಲು ಮತ್ತೆ ಉಸಿರಾಟವೇ ಬೇಕು. ಸೋತ ಎದೆಗೆ ಹೊಸ ಹೊರೆ.

ಇಲ್ಲಿ ಒಂದು ಬಲೆ ಇದೆ, ಯುವ ವೈದ್ಯರು ದಯವಿಟ್ಟು ಗಮನಿಸಬೇಕು. ಆ ದಿನ 157ನ್ನು 8.19ರಿಂದ ಗುಣಿಸಿದರೆ 1286 ಬರುತ್ತದೆ. 'ಖರ್ಚು ಏರಿದೆ, ಇನ್ನೂ ಕೊಡಿ' ಎಂದು ಸೂತ್ರ ಹೇಳಿದ ಹಾಗೆ ಕಾಣುತ್ತದೆ. ಅದು ಸುಳ್ಳು. ಅಂಕಿ ಏರಿದ್ದರಲ್ಲಿ ಬಹುಪಾಲು ಅತಿಯಾಗಿ ಕೊಟ್ಟ ಊಟದಿಂದ. 0.86 ಎಂಬ ಅನುಪಾತವೇ ಆಗ ಕೆಟ್ಟಿರುತ್ತದೆ. ಇಂಗಾಲದ ಡೈಆಕ್ಸೈಡ್ ಏರಿದಾಗ ಮೊದಲು ಜ್ವರ ನೋಡಿ, ರೋಗಿಯ ಒದ್ದಾಟ ನೋಡಿ, ಆಮೇಲೆ ಫೀಡ್ ಪಂಪ್ ನೋಡಿ. ಅಕ್ಕಿ-ಸಕ್ಕರೆ ಅಂಶ ಕಡಿಮೆ, ಕೊಬ್ಬು ಜಾಸ್ತಿ ಇರುವ 'ಶ್ವಾಸಕೋಶದ ಸ್ಪೆಷಲ್' ಡಬ್ಬಿಗಳನ್ನೂ ಮಾರುತ್ತಾರೆ. ಒಟ್ಟು ಕ್ಯಾಲರಿ ಅತಿಯಾಗದಿದ್ದರೆ ಅವುಗಳ ಅಗತ್ಯ ನನಗೆ ಕಂಡಿಲ್ಲ.

ಫಾಸ್ಫೇಟ್ ಸರಿ ಮಾಡಿ, ಫೀಡ್ ಗಂಟೆಗೆ 52ಕ್ಕೆ ಇಳಿಸಿದೆವು. ದಿನಕ್ಕೆ 1248. ಪ್ರೋಟೀನ್ 50 ಗ್ರಾಂ ಆಯಿತು, ಉಳಿದದ್ದಕ್ಕೆ ಪ್ರೋಟೀನ್ ಪುಡಿ. ಟ್ರಯಲ್‌ಗೆಂದು ಫೀಡ್ ನಿಲ್ಲಿಸುವುದನ್ನು ಬಿಟ್ಟೆವು. ಟ್ರಯಲ್ ಪಾಸಾಗಿ, ಟ್ಯೂಬ್ ತೆಗೆಯುವುದು ಎಂದು ತೀರ್ಮಾನ ಆದ ಮೇಲೆ ನಿಲ್ಲಿಸಿ, ನಳಿಕೆಯಿಂದ ಹೊಟ್ಟೆ ಖಾಲಿ ಮಾಡಿದರೆ ಆಯಿತು. 2023ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಒಂದು ದೊಡ್ಡ ಟ್ರಯಲ್‌ನಲ್ಲಿ ಟ್ಯೂಬ್ ತೆಗೆಯುವವರೆಗೂ ಫೀಡ್ ಮುಂದುವರಿಸಿದವರ ಫಲಿತಾಂಶ ಉಪವಾಸ ಇಟ್ಟವರಿಗಿಂತ ಕಡಿಮೆ ಇರಲಿಲ್ಲ.

ಈ ನಡುವೆ ತಾಯಿ ಕೇಳಿದ ಇನ್ನೊಂದು ಪ್ರಶ್ನೆ: 'ಒಂದ್ ಲೋಟ ರಾಗಿ ಗಂಜಿ ಹುಯ್ಯಕಾಗಲ್ವಾ ಸಾ?' ಇದನ್ನು ನಮ್ಮ ಕಡೆ ಪ್ರತಿ ಮನೆಯವರೂ ಕೇಳುತ್ತಾರೆ, ಹಗುರವಾಗಿ ತಳ್ಳಿಹಾಕಬಾರದು. ರಾಗಿ ಒಳ್ಳೆಯದೇ. ಆದರೆ ನಳಿಕೆಯಲ್ಲಿ ಇಳಿಯುವಷ್ಟು ತೆಳ್ಳಗೆ ಮಾಡಿದರೆ ಒಂದು ಲೋಟದಲ್ಲಿ 20 ಗ್ರಾಂ ಹಿಟ್ಟು ಇದ್ದರೆ ಹೆಚ್ಚು. ಅದರಿಂದ ಸುಮಾರು 65 ಕ್ಯಾಲರಿ, ಪ್ರೋಟೀನ್ ಒಂದೂವರೆ ಗ್ರಾಂ. ಗಟ್ಟಿ ಮಾಡಿದರೆ ಆರಿದ ಮೇಲೆ ನಳಿಕೆ ಕಟ್ಟುತ್ತದೆ. ಇದನ್ನು ಹೀಗೇ ಬಿಡಿಸಿ ಹೇಳಿದೆ. 1950ರಿಂದ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇರುವ ಊರು ಮೈಸೂರು, ರಾಗಿಯ ಮೇಲೆ ಇಲ್ಲಿ ಎಷ್ಟೋ ಕೆಲಸ ನಡೆದಿದೆ. ನಳಿಕೆಯಲ್ಲಿ ಕಟ್ಟದೆ ಇಳಿಯುವ, ಅಳತೆ ಗೊತ್ತಿರುವ, ಬಡವರಿಗೆ ಎಟುಕುವ ರಾಗಿ ಫೀಡ್ ಒಂದು ಇಲ್ಲಿಂದಲೇ ಬರಲಿ ಎಂಬ ಆಸೆ ನನಗೆ ಬಹಳ ದಿನದಿಂದ ಇದೆ.

ಹನ್ನೊಂದನೇ ದಿನ ಟ್ರಯಲ್ ಹದಿನೆಂಟು ನಿಮಿಷ ನಡೆಯಿತು. ಹನ್ನೆರಡನೇ ದಿನ ಇಪ್ಪತ್ತೈದು. ಹದಿಮೂರನೇ ದಿನ ಅರ್ಧ ಗಂಟೆ ದಾಟಿತು. ಉಸಿರು 22, ಪ್ರತಿ ಉಸಿರಿಗೆ 330 ಮಿ.ಲೀ. ಉಸಿರಿನ ಸಂಖ್ಯೆಯನ್ನು ಲೀಟರ್ ಲೆಕ್ಕದ ಗಾತ್ರದಿಂದ ಭಾಗಿಸಿದರೆ 67. ಇದು ಜಾಸ್ತಿಯಾದಷ್ಟೂ ವೆಂಟಿಲೇಟರ್ ಬಿಡಿಸಿದಾಗ ಸೋಲುವ ಸಂಭವ ಜಾಸ್ತಿ. ಯಾಂಗ್ ಮತ್ತು ಟೋಬಿನ್ ಎಂಬ ಸಂಶೋಧಕರು 1991ರಲ್ಲಿ ಹಾಕಿದ ಗೆರೆ 105, ಅದಕ್ಕಿಂತ ಸಾಕಷ್ಟು ಕೆಳಗೆ. ಎಂಟನೇ ದಿನದ ಟ್ರಯಲ್‌ನಲ್ಲಿ ಇದೇ ಲೆಕ್ಕ 140 ದಾಟಿತ್ತು. ಟ್ರಯಲ್ ಕೊನೆಯಲ್ಲಿ ಇಂಗಾಲದ ಡೈಆಕ್ಸೈಡ್ 149ರಲ್ಲಿತ್ತು. ಅಂದರೆ ಉಸಿರಾಟಕ್ಕೆ ಈಗಲೂ ಖರ್ಚಿತ್ತು, ಆದರೆ ಅವರ ಕೈಗೆ ಎಟುಕುವ ಖರ್ಚು. ಟ್ಯೂಬ್ ತೆಗೆದು ತಕ್ಷಣ ಮಾಸ್ಕ್ ವೆಂಟಿಲೇಶನ್ ಹಾಕಿದೆವು. ಇಂಗಾಲದ ಡೈಆಕ್ಸೈಡ್ ಏರಿರುವ ಇಂಥ ರೋಗಿಗಳಲ್ಲಿ ಮತ್ತೆ ಸೋಲುವುದನ್ನು ಅದು ಕಡಿಮೆ ಮಾಡುತ್ತದೆ. ಎರಡು ರಾತ್ರಿ ಮಾಸ್ಕ್, ಹದಿನೇಳನೇ ದಿನ ವಾರ್ಡ್.

ಈ ಸುಧಾರಣೆಯಲ್ಲಿ ಊಟದ ಪಾಲು ಎಷ್ಟು, ಮೋಡ್‌ದು ಎಷ್ಟು, ಪೀಪ್‌ದು ಎಷ್ಟು, ನ್ಯುಮೋನಿಯಾ ತಾನಾಗಿ ವಾಸಿಯಾದದ್ದು ಎಷ್ಟು ಎಂದು ಒಬ್ಬ ರೋಗಿಯಿಂದ ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ. ಐದು ದಿನದ ಊಟದಲ್ಲಿ ಸ್ನಾಯು ಬೆಳೆಯುವುದಿಲ್ಲ, ಅದು ಖಂಡಿತ. ನನ್ನ ಅಂದಾಜಿನಲ್ಲಿ ಮೊದಲ ದೊಡ್ಡ ಲಾಭ ಬಂದದ್ದು ಆ ಹನ್ನೊಂದು ವ್ಯರ್ಥ ಉಸಿರು ನಿಂತಿದ್ದರಿಂದ ಮತ್ತು ರಾತ್ರಿಯ ವಿಶ್ರಾಂತಿಯಿಂದ. ಊಟ ಮತ್ತು ಫಾಸ್ಫೇಟ್ ಇನ್ನಷ್ಟು ಸೋಲದ ಹಾಗೆ ಹಿಡಿದವು. ಈಗ ನಮ್ಮ ಐಸಿಯುನಲ್ಲಿ ವೆಂಟಿಲೇಟರ್ ಮೋಡ್ ಬದಲಿಸಿದ ದಿನ ಡಯಟೀಶಿಯನ್‌ಗೆ ಫೋನ್ ಹೋಗುತ್ತದೆ. ಪ್ರೊಪೊಫಾಲ್‌ನ ಕ್ಯಾಲರಿ ಊಟದ ಚೀಟಿಯಲ್ಲಿ ಒಂದು ಸಾಲಾಗಿ ಬರುತ್ತದೆ.

ಮನೆಗೆ ಕಳಿಸುವಾಗ ಮೂರು ಹೊತ್ತಿನ ಊಟವನ್ನು ಆರು ಮಾಡಿ ಎಂದೆವು. ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್‌ಹೇಲರ್, ದಿನಕ್ಕೊಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ, ಆಲೆಮನೆ ಒಲೆಯ ಹತ್ತಿರ ಇನ್ನು ಹೋಗಬಾರದು. ಮೂರು ತಿಂಗಳ ಮೇಲೆ ಓಪಿಡಿಗೆ ಬಂದಾಗ ತೂಕ 46. ಬೀಡಿ ಬಿಟ್ಟಿದ್ದರು. ಆಲೆಮನೆಯಲ್ಲೇ ಇದ್ದಾರೆ, ಆದರೆ ಒಲೆ ಮುಂದೆ ಅಲ್ಲ, ಅಂಗಳದಲ್ಲಿ ಕೂತು ಬೆಲ್ಲದ ಅಚ್ಚು ಎಣಿಸುವ ಕೆಲಸ. ಮುದ್ದೆಯನ್ನು ಈಗ ಎರಡು ಮಾಡಿ, ಒಂದು ಹನ್ನೆರಡಕ್ಕೆ, ಇನ್ನೊಂದು ಮೂರಕ್ಕೆ ಉಣ್ಣುತ್ತಾರಂತೆ.